ಬೆರಳು, ಕೂಗು, ಬಿಡ್: ಕತ್ತಲಗೆರೆ–ಚನ್ನಗಿರಿ ಸೀಮೆಯ ಬೆಲೆಮಾತಿನ ಭಾಷಿಕ ಚರಿತ್ರೆ

ಸಾರಾಂಶ

ಕೊಳ್ಳುವವರು ಮತ್ತು ಮಾರುವವರು ಬೆಲೆಯನ್ನು ನಿಷ್ಕರ್ಷಿಸುವ ಕ್ರಿಯೆ ಅಂತರ್ಜಾಲದ ವೇದಿಕೆಗಳಿಗೆ ಸ್ಥಳಾಂತರಗೊಂಡಾಗ ಭಾಷೆಯಲ್ಲಿ ಏನು ಬದಲಾಗುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಸುತ್ತಲಿನ ಅಡಿಕೆ, ಭತ್ತ ಮತ್ತು ಮೆಕ್ಕೆಜೋಳದ ವ್ಯಾಪಾರವನ್ನು ಹಿನ್ನೆಲೆಯಾಗಿರಿಸಿಕೊಂಡು, ಬೆಲೆಯನ್ನು ತಿಳಿಸುವ ನಾಲ್ಕು ವಿಧಾನಗಳನ್ನು (ಬೆರಳು ಹಿಡಿಯುವುದು, ಸವಾಲು ಕೂಗುವುದು, ಟೆಂಡರ್ ಬರೆಯುವುದು, ಬಿಡ್ ಹಾಕುವುದು) ಇಲ್ಲಿ ಪರಿಶೀಲಿಸಲಾಗಿದೆ. ಅಂತರ್ಜಾಲವು ಮಾತಿನ ವ್ಯಾಪಾರವನ್ನು ಮೂಕವಾಗಿಸಿತು ಎಂಬ ಸಾಮಾನ್ಯ ಗ್ರಹಿಕೆ ಚರಿತ್ರೆಯ ಎದುರು ನಿಲ್ಲುವುದಿಲ್ಲ; ಮೌನದ ವ್ಯಾಪಾರವೇ ಹೆಚ್ಚು ಹಳೆಯದು. ನಿಜವಾಗಿ ಬದಲಾದದ್ದು ನಿರಾಕರಣೆಯ ವ್ಯಾಕರಣ ಎಂಬುದು ಲೇಖನದ ವಾದ.

ಪ್ರಮುಖ ಪದಗಳು: ಬೆಲೆಮಾತು, ಚೌಕಾಸಿ, ಸಂಕೇತಭಾಷೆ, ಚತುರ್ಥೀ ಕರ್ತೃ, ಇ-ಟೆಂಡರ್, ಅಡಿಕೆ ಮಾರುಕಟ್ಟೆ

1. ಪೀಠಿಕೆ

ಕತ್ತಲಗೆರೆಯು ಭದ್ರಾ ಅಚ್ಚುಕಟ್ಟಿನ ಒಂದು ಗ್ರಾಮ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇಲ್ಲಿರುವುದರಿಂದ ಕೃಷಿವಿಜ್ಞಾನಿಗಳಿಗೆ ಈ ಹೆಸರು ಪರಿಚಿತ. ಭಾಷಾವಿಜ್ಞಾನಿಗಳಿಗೆ ಇದು ಪರಿಚಿತವಾಗಬೇಕಾದ ಕಾರಣ ಬೇರೆ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಈ ಅಂಚಿನಲ್ಲಿ ಎರಡು ಬಗೆಯ ವ್ಯಾಪಾರಭಾಷೆಗಳು ಕೂಡುತ್ತವೆ. ಒಂದು ಚನ್ನಗಿರಿ, ಭದ್ರಾವತಿ, ಶಿವಮೊಗ್ಗಗಳ ಅಡಿಕೆ ಮಂಡಿಯ ಭಾಷೆ. ಇನ್ನೊಂದು ದಾವಣಗೆರೆ, ಜಗಳೂರುಗಳ ಧಾನ್ಯ ಹಾಗೂ ಎಣ್ಣೆಕಾಳುಗಳ ಮಾರುಕಟ್ಟೆಯ ಭಾಷೆ. ಆಡಳಿತದ ಚರಿತ್ರೆಯೂ ಈ ಕೂಡುವಿಕೆಯನ್ನು ತೋರಿಸುತ್ತದೆ. ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಆ ವರ್ಷ ರಚನೆಯಾದ ದಾವಣಗೆರೆ ಜಿಲ್ಲೆ ಇವನ್ನು ಒಂದಾಗಿಸಿತು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಇತ್ತೀಚಿನ ಸಂಗತಿ.

ಮಾರಾಟದ ಭಾಷೆಯನ್ನು ಭಾಷಾವಿಜ್ಞಾನದ ವಸ್ತುವಾಗಿಸಿದ ಮೊದಲ ಪ್ರಮುಖ ಅಧ್ಯಯನ ಟಿ. ಎಫ್. ಮಿಚೆಲ್ ಅವರು 1957ರಲ್ಲಿ ಲಿಬಿಯಾದ ಸಿರೆನೈಕಾ ಪ್ರದೇಶದ ಕ್ರಯವಿಕ್ರಯಗಳನ್ನು ಕುರಿತು ಬರೆದದ್ದು. ಫರ್ತ್ ಅವರ ಸಂದರ್ಭಸಿದ್ಧಾಂತವನ್ನು ಅನುಸರಿಸಿ ಮಿಚೆಲ್ ವ್ಯಾಪಾರದ ಮಾತನ್ನು ಐದು ಹಂತಗಳಾಗಿ ವಿಂಗಡಿಸಿದರು: ವಂದನೆ, ವಸ್ತುವಿನ ವಿಚಾರಣೆ, ಪರೀಕ್ಷೆ, ಚೌಕಾಸಿ, ಮುಕ್ತಾಯ. ಈ ವಿಂಗಡಣೆಯಲ್ಲಿ ಬೆಲೆಯು ಬಾಯಿಮಾತಿನಲ್ಲಿಯೇ ಪ್ರಕಟವಾಗುತ್ತದೆ ಎಂಬ ಪೂರ್ವಗ್ರಹಿಕೆ ಇದೆ. ನಮ್ಮ ಮಾರುಕಟ್ಟೆಗಳ ಚರಿತ್ರೆ ಆ ಗ್ರಹಿಕೆಯನ್ನು ಪ್ರಶ್ನಿಸುತ್ತದೆ. ಇಲ್ಲಿ ಬೆಲೆಯನ್ನು ಬಹುಕಾಲ ಹೇಳಿದ್ದಕ್ಕಿಂತ ಮುಟ್ಟಿ ತಿಳಿಸಲಾಗಿದೆ, ಬರೆದು ಮುಚ್ಚಿಡಲಾಗಿದೆ. ಆದ್ದರಿಂದ ಯಾರು ಯಾರಿಗೆ ಬೆಲೆಯನ್ನು ತಿಳಿಸಬಹುದು, ಯಾರು ಅದಕ್ಕೆ ಮರುಮಾತು ಆಡಬಹುದು ಎಂಬುದನ್ನೇ ಪ್ರಧಾನ ಪ್ರಶ್ನೆಯಾಗಿ ಇಟ್ಟುಕೊಳ್ಳುವುದು ಯುಕ್ತ.

2. ಶಾಸನಗಳು ಉಳಿಸಿದ್ದು ಮತ್ತು ಉಳಿಸದಿದ್ದುದು

ಈ ಸೀಮೆಯ ಶಾಸನಗಳು ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹಂಚಿಹೋಗಿವೆ. ಹೊನ್ನಾಳಿ ಮತ್ತು ಚನ್ನಗಿರಿಯವು ಏಳನೆಯ ಸಂಪುಟದಲ್ಲಿಯೂ ದಾವಣಗೆರೆ ಮತ್ತು ಜಗಳೂರಿನವು ಹನ್ನೊಂದನೆಯ ಸಂಪುಟದಲ್ಲಿಯೂ ಇವೆ. ನೆರೆಯ ಬಳ್ಳಿಗಾವೆಯಂತಹ ಪಟ್ಟಣಗಳ ಶಾಸನಗಳಲ್ಲಿ ವರ್ತಕ ಸಂಘಗಳು ಮತ್ತು ಪಟ್ಟಣಸ್ವಾಮಿಗಳು ಕಾಣಿಸಿಕೊಳ್ಳುತ್ತಾರೆ. ಅಡಕೆಯ ಹೇರಿಗೆ, ಮೆಣಸಿನ ಹೇರಿಗೆ ಇಷ್ಟೆಂದು ದೇವಾಲಯಗಳಿಗೆ ಬಿಟ್ಟ ಸುಂಕದ ವಿವರ ಮಧ್ಯಕಾಲೀನ ಕನ್ನಡ ಶಾಸನಗಳಲ್ಲಿ ಹೇರಳವಾಗಿ ದೊರೆಯುತ್ತದೆ. ಸಂತೆಯ ಮಹತ್ತ್ವವನ್ನು ಸ್ಥಳನಾಮಗಳೂ ಹೇಳುತ್ತವೆ; ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ತನ್ನ ಹೆಸರಿನಲ್ಲಿಯೇ ಸಂತೆಯನ್ನು ಹೊತ್ತಿದೆ.

ಆದರೆ ಶಾಸನವು ಫಲಿತವನ್ನು ದಾಖಲಿಸುತ್ತದೆ, ಸಂಭಾಷಣೆಯನ್ನಲ್ಲ. ಸುಂಕ ಎಷ್ಟು, ಕ್ರಯ ಎಷ್ಟು ಎಂಬುದು ಕಲ್ಲಿನ ಮೇಲೆ ಉಳಿಯಿತು. ಆ ಅಂಕಿಯನ್ನು ತಲಪಿದ ಮಾತು ಉಳಿಯಲಿಲ್ಲ. ಈ ಮಿತಿಯೊಳಗೂ ಭಾಷಾವಿಜ್ಞಾನಿಗೆ ಉಪಯುಕ್ತವಾದ ಒಂದು ಸುಳಿವಿದೆ. ವಿಜಯನಗರ ಕಾಲದ ಭೂಕ್ರಯಪತ್ರಗಳಲ್ಲಿ ಬೆಲೆಗೆ ರೂಢಿಯಾಗಿ ಬಳಕೆಯಾಗುವ ವಿಶೇಷಣಗಳು ಮೂರು: ‘ತತ್ಕಾಲೋಚಿತ’, ‘ಮಧ್ಯಸ್ಥಪರಿಕಲ್ಪಿತ’, ‘ಉಭಯವಾದಿಸಂಪ್ರತಿಪನ್ನ’. ಬೆಲೆ ಆ ಕಾಲಕ್ಕೆ ತಕ್ಕುದಾಗಿರಬೇಕು, ಮಧ್ಯಸ್ಥರು ಅದನ್ನು ಕಲ್ಪಿಸಿರಬೇಕು, ಎರಡೂ ಪಕ್ಷಗಳು ಅದನ್ನು ಒಪ್ಪಿರಬೇಕು. ಇಲ್ಲಿ ಕೊಳ್ಳುವವನನ್ನೂ ಮಾರುವವನನ್ನೂ ‘ವಾದಿ’ ಎಂದೇ ಕರೆದಿರುವುದು ಗಮನಾರ್ಹ. ‘ವದ್’ ಧಾತುವಿನ ಅರ್ಥ ನುಡಿ. ದಾಖಲೆ ಸಂಭಾಷಣೆಯನ್ನು ಬಿಟ್ಟರೂ, ಬೆಲೆಯ ನ್ಯಾಯಬದ್ಧತೆಗೆ ಇಬ್ಬರೂ ನುಡಿಯುವವರಾಗಿರುವುದು ಅಗತ್ಯ ಎಂಬ ತತ್ತ್ವವನ್ನು ಅದು ಉಳಿಸಿದೆ. ಸೂತ್ರವಾಕ್ಯವು ಆಚರಣೆಗೆ ಸಾಕ್ಷಿಯಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಆದರ್ಶ ಯಾವುದಾಗಿತ್ತು ಎಂಬುದಕ್ಕೆ ಅದು ಸಾಕ್ಷಿ. ಮುಂದೆ ಬಂದ ಪ್ರತಿಯೊಂದು ವಿಧಾನವನ್ನೂ ಈ ಮೂರು ಮಾನದಂಡಗಳಿಂದ ಅಳೆಯಬಹುದು.

3. ಪದಕೋಶದ ಪದರಗಳು

ಬೆಲೆಗೆ ಸಂಬಂಧಿಸಿದ ಕನ್ನಡ ಶಬ್ದಗಳಲ್ಲಿ ನಾಲ್ಕು ಪದರಗಳನ್ನು ಗುರುತಿಸಬಹುದು. ತಳಪದರ ದ್ರಾವಿಡ ಮೂಲದ್ದು. ‘ಬೆಲೆ’ಯು ತಮಿಳಿನ ‘ವಿಲೈ’, ತೆಲುಗಿನ ‘ವೆಲ’ಗಳ ಜ್ಞಾತಿಶಬ್ದ, ಪದಾದಿಯ ವಕಾರವು ಕನ್ನಡದಲ್ಲಿ ಬಕಾರವಾಗುವ ನಿಯಮಕ್ಕೆ ಇದು ಪ್ರಸಿದ್ಧ ನಿದರ್ಶನ. ‘ಮಾರು’ ಎಂಬುದು ಹಳಗನ್ನಡದ ‘ಮಾಱು’. ತಮಿಳಿನಲ್ಲಿ ಇದೇ ಧಾತುವಿಗೆ ಬದಲಾಗು ಎಂಬ ಅರ್ಥವಿದೆ. ‘ಕೊಳ್ಳು’ ಎಂದರೆ ಮೂಲತಃ ತೆಗೆದುಕೊಳ್ಳು. ಮಾರುವುದು ಅದಲುಬದಲು, ಕೊಳ್ಳುವುದು ಸ್ವೀಕಾರ. ಎರಡು ಧಾತುಗಳಲ್ಲಿಯೂ ಮಾತಿನ ಸುಳಿವಿಲ್ಲ. ಮಾತು ಪ್ರವೇಶಿಸುವುದು ‘ಕೊಸರು’ ಎಂಬಲ್ಲಿ. ಕೊಂಡ ಮೇಲೆ ಮತ್ತಿಷ್ಟು ಕೇಳುವುದೂ ಹಾಗೆ ಕೇಳಿ ಪಡೆದ ಹೆಚ್ಚಳವೂ ಕೊಸರು. ಅದಕ್ಕಾಗಿ ನಡೆಯುವ ಎಳೆದಾಟ ಕೊಸರಾಟ.

ಎರಡನೆಯದು ಸಂಸ್ಕೃತದ ಪದರ: ಕ್ರಯ, ವಿಕ್ರಯ, ಮೌಲ್ಯ. ಇವು ಪತ್ರಭಾಷೆಯ ಶಬ್ದಗಳು. ‘ಧಾರಣೆ’ಯ ದಾರಿ ಮಾತ್ರ ಬೇರೆ. ಹಿಡಿದಿಡುವಿಕೆ ಎಂಬ ಸಂಸ್ಕೃತದ ಅರ್ಥದಿಂದ ದೂರ ಸರಿದು ಪೇಟೆಯ ಚಾಲ್ತಿ ದರ ಎಂಬ ಅರ್ಥದಲ್ಲಿ ಅದು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ನೆಲೆಗೊಂಡಿದೆ. ಪತ್ರಿಕೆಗಳ ‘ಅಡಿಕೆ ಧಾರಣೆ’ ಈ ಬಳಕೆಯ ಮುಂದುವರಿಕೆ.

ಮೂರನೆಯದು ಮರಾಠಿ ಮತ್ತು ಅದರ ಮೂಲಕ ಅಥವಾ ಉರ್ದುವಿನ ಮೂಲಕ ಬಂದ ಅರಬಿ–ಪಾರಸಿ ಪದರ. ಬೆಲೆಯನ್ನು ಕುರಿತ ವಾದದ ಶಬ್ದಗಳಲ್ಲಿ ಹೆಚ್ಚಿನವು ಇಲ್ಲಿಯೇ ಇವೆ. ಮರಾಠಿಯಲ್ಲಿ ವಿಚಾರಣೆ ಎಂಬ ಅರ್ಥವಿರುವ ‘ಚೌಕಶಿ’ ಕನ್ನಡದಲ್ಲಿ ‘ಚೌಕಾಸಿ’ಯಾಗಿ ಬೆಲೆಯ ಎಳೆದಾಟಕ್ಕೆ ಸೀಮಿತಗೊಂಡಿತು. ಅರಬಿಯಲ್ಲಿ ಪ್ರಶ್ನೆ ಎಂಬ ಅರ್ಥದ ‘ಸುಆಲ್’ ಕನ್ನಡದ ಹರಾಜಿನಲ್ಲಿ ‘ಸವಾಲು’, ಅಂದರೆ ಬೆಲೆಯ ಕೂಗು ಆಯಿತು. ಎರಡರಲ್ಲಿಯೂ ಪ್ರಶ್ನಾವಾಚಕ ಶಬ್ದವೊಂದು ಬೆಲೆವಾಚಕವಾಗಿದೆ. ಬೆಲೆ ಹೇಳುವುದೆಂದರೆ ಎದುರಾಳಿಗೆ ಪ್ರಶ್ನೆ ಹಾಕುವುದು. ಉತ್ತರವನ್ನು ನಿರೀಕ್ಷಿಸುವ ಮಾತು ಅದು. ‘ಹರಾಜು’, ‘ದಲ್ಲಾಳಿ’, ‘ಅಸಲು’ ಇದೇ ಪದರದವು. ಮರಾಠಿಯ ಮೂಲಕವೇ ಬಂದ ‘ಲಿಲಾವು’ ಪೋರ್ಚುಗೀಸ್ ಮೂಲದ್ದು.

ನಾಲ್ಕನೆಯದು ಇಂಗ್ಲಿಷಿನ ಪದರ: ರೇಟು, ಕಮಿಷನ್, ಟೆಂಡರ್, ಲಾಟ್, ಬಿಡ್. ಇದು ಬಹುಪಾಲು ವಿಧಾನದ ಶಬ್ದಗಳನ್ನು ತಂದಿತು, ವಾದದ ಶಬ್ದಗಳನ್ನು ತರಲಿಲ್ಲ. ಕಾನೂನು ಮತ್ತು ಯಂತ್ರಗಳು ಇಂಗ್ಲಿಷಿನಲ್ಲಿ ಬಂದವು. ಜಗ್ಗಾಟ ಕನ್ನಡ ಮತ್ತು ಮರಾಠಿಯ ಪದರಗಳಲ್ಲಿಯೇ ಉಳಿಯಿತು.

ಅಡಿಕೆಯ ವರ್ಗನಾಮಗಳಲ್ಲಿ ಅರ್ಥಸಂಕೋಚದ ಸೊಗಸಾದ ನಿದರ್ಶನಗಳಿವೆ. ‘ಸರಕು’ ಎಂದರೆ ಯಾವುದೇ ಮಾರಾಟದ ವಸ್ತು. ಮಲೆನಾಡಿನ ಅಡಿಕೆ ಮಂಡಿಯಲ್ಲಿ ಅದು ಉತ್ಕೃಷ್ಟ ದರ್ಜೆಯ ಒಂದು ಬಗೆಯ ಹೆಸರು. ‘ರಾಶಿ’ ಎಂದರೆ ಗುಡ್ಡೆ. ಮಂಡಿಯಲ್ಲಿ ಅದೂ ಒಂದು ದರ್ಜೆ. ‘ಮಂಡಿ’ಯೂ ಹಿಂದಿಯ ಮಾರುಕಟ್ಟೆ ಎಂಬ ಅರ್ಥದಿಂದ ಸಂಕೋಚಗೊಂಡು ದಲಾಲರ ಅಂಗಡಿಯನ್ನು ಸೂಚಿಸುತ್ತದೆ.

4. ವಸ್ತ್ರದಡಿಯ ಬೆರಳು

ಬೆಲೆಯನ್ನು ಬೆರಳಿನಿಂದ ತಿಳಿಸುವ ಪದ್ಧತಿಗೆ ದಕ್ಷಿಣ ಭಾರತದಲ್ಲಿ ಕನಿಷ್ಠ ಐದು ಶತಮಾನಗಳ ದಾಖಲೆಯಿದೆ. 1510ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಇಟಲಿಯ ಲುದೊವಿಕೊ ದಿ ವರ್ತೆಮಾ ಕಲ್ಲಿಕೋಟೆಯ ದಲ್ಲಾಳಿಗಳು ಬಟ್ಟೆಯ ಮರೆಯಲ್ಲಿ ಬೆರಳಿನ ಗೆಣ್ಣುಗಳನ್ನು ಮುಟ್ಟಿ ಬೆಲೆ ನಿಷ್ಕರ್ಷಿಸುವುದನ್ನು ವರ್ಣಿಸಿದ್ದಾನೆ. ಫ್ರಾನ್ಸಿನ ರತ್ನವ್ಯಾಪಾರಿ ಜಾನ್ ಬತಿಸ್ತ್ ತವೆರ್ನಿಯೇ 1676ರಲ್ಲಿ ಪ್ರಕಟಿಸಿದ ಕಥನದ ವಿವರ ಇನ್ನೂ ಖಚಿತವಾಗಿದೆ. ಬಿಜಾಪುರದ ಅಧೀನದಲ್ಲಿದ್ದ ರಾವೊಲ್ಕೊಂಡದ ವಜ್ರದ ಗಣಿಯಲ್ಲಿ ವ್ಯಾಪಾರಿಗಳು ಎದುರುಬದುರು ಕುಳಿತು, ಕೈಗಳನ್ನು ವಸ್ತ್ರದಿಂದ ಮುಚ್ಚಿ, ಒಂದು ಮಾತನ್ನೂ ಆಡದೆ ವ್ಯವಹಾರ ಮುಗಿಸುತ್ತಿದ್ದರು. ಮಾರುವವನು ಇಡೀ ಕೈಯನ್ನು ಹಿಡಿದರೆ 1000, ಎಷ್ಟು ಬಾರಿ ಒತ್ತಿದರೆ ಅಷ್ಟು ಸಾವಿರ, ಐದು ಬೆರಳುಗಳನ್ನು ಮಾತ್ರ ಹಿಡಿದರೆ 500, ಒಂದು ಬೆರಳು 100, ನಡುಗೆಣ್ಣಿನವರೆಗಿನ ಅರ್ಧ ಬೆರಳು 50, ತುದಿ 10. ಒಂದೇ ಸರಕು ಹಲವು ಬಾರಿ ಕೈಬದಲಾದರೂ ಸುತ್ತಲಿನವರಿಗೆ ತಿಳಿಯುತ್ತಿರಲಿಲ್ಲ ಎನ್ನುತ್ತಾನೆ ತವೆರ್ನಿಯೇ.

ಈ ಸಂಕೇತವ್ಯವಸ್ಥೆಯ ರಚನೆಯನ್ನು ಭಾಷಿಕವಾಗಿ ಹೀಗೆ ವಿವರಿಸಬಹುದು. ಮೊದಲನೆಯದಾಗಿ, ಇದು ಸಂಕಲನಾತ್ಮಕ ವ್ಯವಸ್ಥೆ. ಸ್ಥಾನಬೆಲೆಯೂ ಶೂನ್ಯವೂ ಇದಕ್ಕೆ ಬೇಕಿಲ್ಲ. ಎರಡನೆಯದಾಗಿ, ಗುಣಾಕಾರವನ್ನು ಪುನರುಕ್ತಿಯಿಂದ ಸಾಧಿಸಲಾಗುತ್ತದೆ. ಮೂರನೆಯದಾಗಿ, ದೊಡ್ಡ ಅಂಗಕ್ಕೆ ದೊಡ್ಡ ಮೌಲ್ಯ ಎಂಬ ಸಾದೃಶ್ಯದ ಮೇಲೆ ಸಂಕೇತಗಳು ನಿಂತಿವೆ. ಹೀಗಾಗಿ ಭಾಷೆ ಬೇರೆಯಾದ ವ್ಯಾಪಾರಿಗಳೂ ಅವನ್ನು ಸುಲಭವಾಗಿ ಕಲಿಯಬಲ್ಲರು. ನಾಲ್ಕನೆಯದಾಗಿ, ಇದರಲ್ಲಿ ಸಂಖ್ಯೆಗಳಿವೆ, ಕಾರಣಗಳಿಲ್ಲ. ‘ಹಲ್ಲು ಸವೆದಿದೆ’, ‘ಕಾಯಿ ಹಗುರ’ ಎಂದು ಬೆರಳಿನಿಂದ ಹೇಳಲಾಗದು. ಸರಕಿನ ಗುಣದೋಷಗಳ ಮಾತು ವಸ್ತ್ರದ ಹೊರಗೆ ಎಲ್ಲರೆದುರು ನಡೆಯುತ್ತದೆ, ಬೆಲೆ ಒಳಗೆ ನಡೆಯುತ್ತದೆ.

ಕರ್ನಾಟಕದ ದನಗಳ ಜಾತ್ರೆಗಳಲ್ಲಿ ಟವೆಲ್ಲಿನ ಮರೆಯ ಬೆರಳುವ್ಯಾಪಾರ ನಮ್ಮ ಕಾಲದವರೆಗೂ ಬಂದಿದೆ. ಇಲ್ಲಿ ಬೆರಳಿಗೆ ಸ್ಥಿರ ಮೌಲ್ಯವಿಲ್ಲ. ಅದು ಸಾವಿರವೇ ಹತ್ತುಸಾವಿರವೇ ಎಂಬುದು ಎದುರಿಗಿರುವ ಎತ್ತಿನ ಅಂದಾಜು ಬೆಲೆ ಇಬ್ಬರಿಗೂ ಗೊತ್ತಿರುವುದರಿಂದ ತಾನೇ ತಿಳಿಯುತ್ತದೆ. ಅಂದಾಜೇ ಗೊತ್ತಿಲ್ಲದವನಿಗೆ ಈ ಭಾಷೆ ಅರ್ಥವಾಗದು. ಬಾಯಿಮಾತಿನ ಗುಪ್ತಸಂಖ್ಯೆಗಳೂ ಇದೇ ಕೆಲಸ ಮಾಡುತ್ತವೆ. ಉತ್ತರ ಭಾರತದ ವ್ಯಾಪಾರಿಗಳ ಇಂತಹ ಭಾಷೆಗಳನ್ನು ಆರ್. ಆರ್. ಮೆಹ್ರೋತ್ರಾ ಅವರು 1977ರ ತಮ್ಮ ಗ್ರಂಥದಲ್ಲಿ ಸಮಾಜಶಾಸ್ತ್ರೀಯವಾಗಿ ವಿಶ್ಲೇಷಿಸಿದ್ದಾರೆ.

ಹೀಗೆ ನೋಡಿದಾಗ ಬೆರಳುಭಾಷೆಯ ಮೌನವು ಎಲ್ಲರಿಗೂ ಒಂದೇ ಆಗಿರಲಿಲ್ಲ. ಇಬ್ಬರು ಪರಿಣತ ವ್ಯಾಪಾರಿಗಳ ನಡುವೆ ಅದು ಸಮಾನರ ಸಂಭಾಷಣೆ. ದಲ್ಲಾಳಿಯು ಖರೀದಿದಾರನ ಬೆರಳನ್ನು ಒಂದು ಕೈಯಲ್ಲಿ ಹಿಡಿದು ರೈತನಿಗೆ ಇನ್ನೊಂದು ಅಂಕಿಯನ್ನು ಹೇಳಬಲ್ಲ ಸ್ಥಿತಿಯಲ್ಲಿ ಅದು ಮರೆಮಾಚುವ ಸಾಧನ. ಮಧ್ಯಸ್ಥನು ಬೆಲೆಯನ್ನು ಕಲ್ಪಿಸುತ್ತಾನೆ. ಆದರೆ ಉಭಯವಾದಿಗಳಲ್ಲಿ ಒಬ್ಬನು ವಾದಿಯಾಗಿಯೇ ಇರುವುದಿಲ್ಲ.

5. ಕೂಗು ಮತ್ತು ಚೀಟಿ

ಇಪ್ಪತ್ತನೆಯ ಶತಮಾನದ ನಿಯಂತ್ರಿತ ಮಾರುಕಟ್ಟೆಯ ಕಾನೂನುಗಳನ್ನು ಭಾಷಾನೀತಿಯ ಪಠ್ಯಗಳೆಂದೂ ಓದಬಹುದು. ಮುಂಬಯಿ ಪ್ರಾಂತ್ಯದ 1927ರ ಹತ್ತಿ ಮಾರುಕಟ್ಟೆ ಕಾಯಿದೆಯಿಂದ ತೊಡಗಿ, ಕರ್ನಾಟಕದ 1966ರ ಕೃಷಿ ಉತ್ಪನ್ನ ಮಾರಾಟ (ನಿಯಂತ್ರಣ) ಕಾಯಿದೆಯವರೆಗೆ ಇವುಗಳ ಒಂದು ಮುಖ್ಯ ಉದ್ದೇಶ ಬೆಲೆಯನ್ನು ವಸ್ತ್ರದಡಿಯಿಂದ ಹೊರತರುವುದಾಗಿತ್ತು. ಪ್ರಾಂಗಣದಲ್ಲಿ ಮಾರಾಟವು ಬಹಿರಂಗ ಹರಾಜು ಅಥವಾ ಟೆಂಡರ್ ಮೂಲಕವೇ ನಡೆಯಬೇಕು ಎಂಬ ವಿಧಿಯು ಬೆಲೆಯ ಮಾಧ್ಯಮವನ್ನೇ ನಿರ್ಧರಿಸಿತು: ಸ್ಪರ್ಶ ಸಲ್ಲದು, ಧ್ವನಿ ಮತ್ತು ಬರಹ ಸಲ್ಲುತ್ತವೆ.

ಹರಾಜಿನ ಕ್ರಿಯಾಪದ ‘ಕೂಗು’. ಸವಾಲನ್ನು ಕೂಗಲಾಗುತ್ತದೆ, ಕೂಗಿದವನು ಅದಕ್ಕೆ ಬದ್ಧ. ಜೆ. ಎಲ್. ಆಸ್ಟಿನ್ ಅವರ ಪರಿಭಾಷೆಯಲ್ಲಿ ಇದು ನುಡಿಯುವುದರಿಂದಲೇ ಸಂಭವಿಸುವ ಕ್ರಿಯೆ. ಎಲ್ಲರೂ ಕೇಳಿಸಿಕೊಳ್ಳುವುದರಿಂದ ರೈತನೂ ಕೇಳಿಸಿಕೊಳ್ಳುತ್ತಾನೆ. ಆದರೆ ಅವನು ಕೂಗುವುದಿಲ್ಲ. ಕೂಗುವವರು ಖರೀದಿದಾರರು, ಕೂಗಿಸುವವರು ದಲಾಲರು ಅಥವಾ ಮಾರುಕಟ್ಟೆಯ ಸಿಬ್ಬಂದಿ. ಮಾರುವವನಿಗೆ ಶ್ರೋತೃವಿನ ಸ್ಥಾನ ದೊರೆಯಿತು, ವಕ್ತೃವಿನ ಸ್ಥಾನ ದೊರೆಯಲಿಲ್ಲ.

ಅಡಿಕೆಯ ವ್ಯಾಪಾರದಲ್ಲಿ ಟೆಂಡರ್ ಪದ್ಧತಿ ನೆಲೆಯೂರಿತು. ಅಡಿಕೆಯ ದರ್ಜೆ ಸೂಕ್ಷ್ಮ. ಬಣ್ಣ, ಮೆರುಗು, ಒಣಗಿದ ಪ್ರಮಾಣಗಳನ್ನು ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿಯೇ ತಿಳಿಯಬೇಕು. ಖರೀದಿದಾರರು ಪ್ರತಿಯೊಂದು ಲಾಟನ್ನು ಪರೀಕ್ಷಿಸಿ ದರವನ್ನು ಚೀಟಿಯಲ್ಲಿ ಬರೆದು ಹಾಕುತ್ತಾರೆ. ಗೊತ್ತಾದ ಹೊತ್ತಿಗೆ ಚೀಟಿಗಳನ್ನು ತೆರೆದು ಗರಿಷ್ಠ ದರವನ್ನು ಸಾರಲಾಗುತ್ತದೆ. ಶಿವಮೊಗ್ಗದಲ್ಲಿ 1939ರಲ್ಲಿ ಸ್ಥಾಪನೆಯಾದ ಮಾಮ್ಕೋಸ್ ಮತ್ತು ಚನ್ನಗಿರಿಯ ತುಮ್ಕೋಸ್ ಸಹಕಾರ ಸಂಘಗಳು ಸದಸ್ಯರ ಅಡಿಕೆಯನ್ನು ಮಾರಿಕೊಡುವ ಹೊಣೆ ಹೊತ್ತು, ಖಾಸಗಿ ದಲ್ಲಾಳಿಯ ಸ್ಥಾನದಲ್ಲಿ ಬೆಳೆಗಾರರದೇ ಸಂಸ್ಥೆಯನ್ನು ನಿಲ್ಲಿಸಿದವು. ಮಧ್ಯಸ್ಥನ ಸ್ಥಾನ ಅಳಿಯಲಿಲ್ಲ. ಅವನು ಯಾರ ಪರವಾಗಿ ನುಡಿಯುತ್ತಾನೆ ಎಂಬುದು ಬದಲಾಯಿತು.

ಪ್ರಾಂಗಣದ ಹೊರಗೆ ಬಾಯಿಮಾತಿನ ವ್ಯಾಪಾರ ನಿಲ್ಲಲಿಲ್ಲ. ಚನ್ನಗಿರಿ ಸೀಮೆಯ ತೋಟಗಳಲ್ಲಿ ಖೇಣಿ ಇದಕ್ಕೆ ಉತ್ತಮ ನಿದರ್ಶನ. ಮರದಲ್ಲಿರುವ ಫಸಲನ್ನು ನೋಡಿ ಖೇಣಿದಾರರು ಬೆಳೆಗಾರರೊಂದಿಗೆ ಒಪ್ಪಂದಕ್ಕೆ ಬರುತ್ತಾರೆ. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಇಷ್ಟು ಕಿಲೊ ಒಣ ಅಡಿಕೆ ಎಂದು ಮಾತಾಗುವುದೂ ಉಂಟು. ಇಲ್ಲಿ ಜಗ್ಗಾಟ ನಡೆಯುವುದು ರೂಪಾಯಿಯ ಮೇಲಲ್ಲ, ಅನುಪಾತದ ಮೇಲೆ. ‘ಮಾತಾಯಿತು’ ಎಂಬ ಒಂದು ಪದವೇ ಒಪ್ಪಂದವನ್ನು ಮುಗಿಸುತ್ತದೆ.

6. ನಿರಾಕರಣೆಯ ವ್ಯಾಕರಣ

ಕನ್ನಡದ ಬೆಲೆಮಾತಿನಲ್ಲಿ ‘ಮಾತು’ ಎಂಬ ಶಬ್ದಕ್ಕೇ ಬೆಲೆ ಎಂಬ ಅರ್ಥವುಂಟು. ‘ಒಂದೇ ಮಾತು’ ಎಂದರೆ ಬದಲಾಗದ ದರ. ‘ಕೊನೇ ಮಾತು ಹೇಳಿ’ ಎಂದರೆ ಇಳಿಸಬಹುದಾದ ಅಂತಿಮ ದರವನ್ನು ತಿಳಿಸಿ. ಈ ಅರ್ಥವಿಸ್ತಾರ ಆಕಸ್ಮಿಕವಲ್ಲ. ಬೆಲೆಯು ವಸ್ತುವಿನ ಗುಣವಾಗಿರದೆ ಇಬ್ಬರ ನಡುವೆ ಕೊಟ್ಟು ಪಡೆಯುವ ನುಡಿಯಾಗಿರುವಲ್ಲಿ ಮಾತ್ರ ಇದು ಸಾಧ್ಯ.

ಇನ್ನೂ ಮುಖ್ಯವಾದುದು ಕ್ರಿಯಾಪದಗಳ ಆಯ್ಕೆ. ಮಾರುವವನು ಕೇಳಿದ ದರವನ್ನು ನಿರಾಕರಿಸುವಾಗ ‘ನಾನು ಕೊಡುವುದಿಲ್ಲ’ ಎಂದು ನೇರವಾಗಿ ಹೇಳುವುದು ವಿರಳ. ಬಳಕೆಯಲ್ಲಿರುವುದು ‘ಆ ರೇಟಿಗೆ ನಮಗೆ ಗಿಟ್ಟಲ್ಲ’, ‘ಅಷ್ಟಕ್ಕೆ ಬರಲ್ಲ ಅಣ್ಣಾ’, ‘ಅಸಲೇ ಹುಟ್ಟಲ್ಲ’, ‘ಆಗಲ್ಲ ಯಜಮಾನ್ರೆ’ ಎಂಬಂತಹ ವಾಕ್ಯಗಳು. ‘ಗಿಟ್ಟು’, ‘ಬರು’, ‘ಹುಟ್ಟು’, ‘ಆಗು’ ಇವೆಲ್ಲ ಅಕರ್ಮಕ ಧಾತುಗಳು. ಮಾರುವವನು ವಾಕ್ಯದಲ್ಲಿ ಕಾಣಿಸಿಕೊಂಡರೆ ಚತುರ್ಥಿಯಲ್ಲಿ ಅನುಭೋಕ್ತೃವಾಗಿ ಕಾಣಿಸಿಕೊಳ್ಳುತ್ತಾನೆ. ಪ್ರಥಮಾ ವಿಭಕ್ತಿಯ ಕರ್ತೃವಾಗಿ ಅಲ್ಲ. ನಿರಾಕರಿಸಿದ್ದು ತಾನಲ್ಲ, ಲೆಕ್ಕ ಎಂಬ ಧ್ವನಿ ಇದರಲ್ಲಿದೆ. ತಮಿಳಿನಲ್ಲಿ ಹತ್ತಿರವಾಗು, ದೊರೆಯು ಎಂಬ ಅರ್ಥವಿರುವ ‘ಕಿಟ್ಟು’ವಿನ ಜ್ಞಾತಿಯಾದ ‘ಗಿಟ್ಟು’ವಿಗೆ ಕನ್ನಡದ ವ್ಯಾಪಾರದಲ್ಲಿ ಲಾಭಕರವಾಗು ಎಂಬ ಅರ್ಥ ಬಂದದ್ದು ಈ ನೆಲೆಯಲ್ಲಿಯೇ.

ಒಪ್ಪಿಗೆಯ ವಾಕ್ಯಗಳು ಇದಕ್ಕೆ ವಿರುದ್ಧವಾಗಿ ಕರ್ತೃಪ್ರಧಾನ: ‘ತಗೊಳ್ಳಿ’, ‘ಕೊಟ್ಟೆ’, ‘ನೀವು ಕೇಳಿದ್ದಕ್ಕೆ ಬಿಟ್ಟುಕೊಟ್ಟೆ’. ಇನ್ನೂ ವಸ್ತು ಕೈಬದಲಾಗದಿದ್ದರೂ ಭೂತಕಾಲದ ‘ಕೊಟ್ಟೆ’ ಒಪ್ಪಂದವನ್ನು ಘಟಿಸಿದ ಸಂಗತಿಯನ್ನಾಗಿಸುತ್ತದೆ. ನಿರಾಕರಣೆಯಲ್ಲಿ ಮರೆಯಾದ ಕರ್ತೃ ಔದಾರ್ಯದಲ್ಲಿ ಪ್ರತ್ಯಕ್ಷನಾಗುತ್ತಾನೆ. ಮಧ್ಯಸ್ಥನಿಗೂ ವ್ಯಾಕರಣದಲ್ಲಿ ಸ್ಥಾನವಿದೆ: ವ್ಯಾಪಾರ ತಾನಾಗಿ ‘ಕುದುರುತ್ತದೆ’, ದಲ್ಲಾಳಿ ಅದನ್ನು ‘ಕುದುರಿಸುತ್ತಾನೆ’. ಪ್ರೇರಣಾರ್ಥಕ ಪ್ರತ್ಯಯವೇ ಅವನ ವೃತ್ತಿ.

ಇದರಿಂದ ಒಂದು ಮುಖ್ಯ ಪರಿಣಾಮ ಉಂಟಾಗುತ್ತದೆ. ‘ಗಿಟ್ಟಲ್ಲ’ ಎಂಬುದು ರೂಪದಲ್ಲಿ ನಿಷೇಧ, ಕ್ರಿಯೆಯಲ್ಲಿ ಆಹ್ವಾನ. ಯಾವ ದರಕ್ಕೆ ಗಿಟ್ಟುತ್ತದೆ ಎಂಬ ಮರುಪ್ರಶ್ನೆಗೆ ಅದು ಜಾಗ ಬಿಡುತ್ತದೆ. ಸಂಬಂಧವಾಚಕಗಳಾದ ಅಣ್ಣ, ಅಕ್ಕ, ಯಜಮಾನ್ರು ಆ ಜಾಗವನ್ನು ತೆರೆದಿಡುತ್ತವೆ. ಕನ್ನಡದ ಚೌಕಾಸಿಯಲ್ಲಿ ನಿರಾಕರಣೆ ಸಂ​ಭಾಷಣೆಯ ಕೊನೆಯಲ್ಲ, ಅದರ ನಡುಭಾಗ. ಕ್ಲಿಫರ್ಡ್ ಗೀರ್ಟ್ಸ್ ಅವರು 1978ರಲ್ಲಿ ಮೊರಾಕ್ಕೊದ ಬಜಾರನ್ನು ಕುರಿತು ಬರೆಯುತ್ತ, ಚೌಕಾಸಿಯನ್ನು ಮಾಹಿತಿಯ ಹುಡುಕಾಟವೆಂದು ಅರ್ಥೈಸಿದರು. ಕನ್ನಡದ ಅಕರ್ತೃಕ ನಿಷೇಧವು ಅಂತಹ ಹುಡುಕಾಟದ ಉಪಕರಣ: ಅದು ಮಾರುವವನ ಲೆಕ್ಕವನ್ನು ಪೂರ್ತಿ ಬಿಚ್ಚದೆಯೇ ಅದರ ದಿಕ್ಕನ್ನು ತಿಳಿಸುತ್ತದೆ.

7. ತೆರೆಯ ಮೇಲಿನ ಬೆಲೆ

ಕರ್ನಾಟಕವು 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಅದನ್ನು ನಡೆಸಲು ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸಮಪಾಲಿನಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆಯನ್ನು ರಚಿಸಿದವು. 2016ರ ಏಪ್ರಿಲ್ 14ರಂದು ಉದ್ಘಾಟನೆಯಾದ ರಾಷ್ಟ್ರಮಟ್ಟದ ಇ-ನಾಮ್ ಇದೇ ದಿಕ್ಕಿನದು. ರೈತನ ಉತ್ಪನ್ನಕ್ಕೆ ಲಾಟ್ ಸಂಖ್ಯೆ ದೊರೆಯುತ್ತದೆ. ಖರೀದಿದಾರರು ಗೊತ್ತಾದ ಅವಧಿಯಲ್ಲಿ ಗಣಕದ ಮೂಲಕ ದರ ನಮೂದಿಸುತ್ತಾರೆ. ಗರಿಷ್ಠ ದರ ಮೊಬೈಲ್ ಸಂದೇಶವಾಗಿ ರೈತನಿಗೆ ತಲಪುತ್ತದೆ. ಅವನು ಒಪ್ಪಬಹುದು ಅಥವಾ ತಿರಸ್ಕರಿಸಬಹುದು.

ಇದರ ಆರ್ಥಿಕ ಫಲವನ್ನು ಕಡೆಗಣಿಸಲಾಗದು. ರೆತ್ಸೆಫ್ ಲೆವಿ, ಮನೋಜ್ ರಾಜನ್, ಸೋಮ್ಯ ಸಿಂಘ್ವಿ ಮತ್ತು ಯಾಂಚಾಂಗ್ ಝೆಂಗ್ ಅವರು 2020ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವೇದಿಕೆಯಿಂದ ಭತ್ತದ ಬೆಲೆ ಶೇ 5.1ರಷ್ಟು, ಶೇಂಗಾದ್ದು ಶೇ 3.6ರಷ್ಟು, ಮೆಕ್ಕೆಜೋಳದ್ದು ಶೇ 3.5ರಷ್ಟು ಏರಿದೆ ಎಂದು ಅಂದಾಜಿಸಿದೆ. ಮೂರೂ ದಾವಣಗೆರೆ ಜಿಲ್ಲೆಯ ರೈತರ ಬೆಳೆಗಳೇ. ಎಲ್ಲ ಬೆಳೆಗಳಲ್ಲಿಯೂ ಇಂತಹ ಏರಿಕೆ ಕಾಣಿಸಲಿಲ್ಲ ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿದೆ. ವಸ್ತ್ರದಡಿಯ ಬೆರಳಿಗೆ ಹೋಲಿಸಿದರೆ ತೆರೆಯ ಮೇಲಿನ ಅಂಕಿ ರೈತನಿಗೆ ನೇರವಾಗಿ ತಲಪುತ್ತದೆ. ನಡುವೆ ಅಂಕಿ ಬದಲಾಗುವ ಅವಕಾಶ ಕಿರಿದಾಗುತ್ತದೆ. ‘ತತ್ಕಾಲೋಚಿತ’ ಎಂಬ ಮಾನದಂಡ ಇಲ್ಲಿ ಹಿಂದೆಂದಿಗಿಂತ ಚೆನ್ನಾಗಿ ಈಡೇರಿದೆ.

ಭಾಷಿಕವಾಗಿ ಎರಡು ಬದಲಾವಣೆಗಳನ್ನು ಗುರುತಿಸಬೇಕು. ಮೊದಲನೆಯದು ಕ್ರಿಯಾಪದದ್ದು. ಬೆಲೆಯನ್ನು ಈಗ ‘ಹಾಕಲಾಗುತ್ತದೆ’: ಬಿಡ್ ಹಾಕು, ರೇಟು ಹಾಕು. ಟೆಂಡರಿನ ಚೀಟಿಯನ್ನು ಪೆಟ್ಟಿಗೆಗೆ ಹಾಕುವ ಕಾಲದಿಂದ ಬಂದ ಈ ಬಳಕೆಯಲ್ಲಿ ಬೆಲೆಯು ನುಡಿಯಲ್ಲ, ಇರಿಸುವ ವಸ್ತು. ‘ಕೂಗು’ವಿನಲ್ಲಿ ಕೇಳುಗನಿದ್ದಾನೆ, ‘ಹಾಕು’ವಿನಲ್ಲಿ ಇರುವುದು ಪಾತ್ರೆ ಮಾತ್ರ. ಎರಡನೆಯದು ಹೆಸರುಗಳದ್ದು. ರಾಶಿ, ಬೆಟ್ಟೆ, ಗೊರಬಲು ಮೊದಲಾದ ದರ್ಜೆಗಳು ಸರ್ಕಾರಿ ಜಾಲತಾಣಗಳ ಪಟ್ಟಿಗಳಲ್ಲಿ ರೋಮನ್ ಲಿಪಿಯಲ್ಲಿ ಸ್ಥಿರಗೊಂಡಿವೆ. ಮಂಡಿಯಲ್ಲಿ ದರ್ಜೆಯೂ ಚರ್ಚೆಯ ವಸ್ತು. ಇದು ರಾಶಿಯೋ ಅಲ್ಲವೋ ಎಂದು ವಾದಿಸಬಹುದು. ಪಟ್ಟಿಯಿಂದ ಆಯ್ದ ಮೇಲೆ ಅದು ವಾದಕ್ಕೆ ಮುಂಚೆಯೇ ತೀರ್ಮಾನವಾದ ಸಂಗತಿ.

ವ್ಯಕ್ತಿಗಳ ನಡುವಿನ ಅಂತರ್ಜಾಲ ಮಾರುಕಟ್ಟೆಗಳ ಸ್ಥಿತಿ ಇದಕ್ಕಿಂತ ಬೇರೆ. ಓಎಲ್‌ಎಕ್ಸ್‌ನಲ್ಲಿ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಳೆಯ ಟ್ರ್ಯಾಕ್ಟರ್, ಬೈಕು, ಎಮ್ಮೆಗಳು ಮಾರಾಟಕ್ಕೆ ಬರುತ್ತವೆ. ಇಲ್ಲಿ ಚೌಕಾಸಿ ಲಿಖಿತರೂಪದಲ್ಲಿ ಮರಳಿದೆ. ಮಿಚೆಲ್ ಗುರುತಿಸಿದ ಹಂತಗಳಲ್ಲಿ ವಂದನೆ ಬಹುಮಟ್ಟಿಗೆ ಲೋಪಗೊಂಡಿದೆ. ವಸ್ತುವಿನ ವಿಚಾರಣೆಯ ಮೊದಲ ವಾಕ್ಯವನ್ನು ಕೆಲವೆಡೆ ತಂತ್ರಾಂಶವೇ ಸಿದ್ಧಪಡಿಸಿ ಕೊಡುತ್ತದೆ. ಪರೀಕ್ಷೆಯ ಸ್ಥಾನದಲ್ಲಿ ಛಾಯಾಚಿತ್ರವಿದೆ. ಚೌಕಾಸಿಯ ಹಂತ ಮಾತ್ರ ಗಟ್ಟಿಯಾಗಿ ಉಳಿದಿದೆ. ‘ಕೊನೇ ಮಾತು’ ಈಗ ‘ಲಾಸ್ಟ್ ಎಷ್ಟು’. ಅಣ್ಣನ ಜೊತೆಗೆ ‘ಬ್ರೋ’ ಬಂದಿದೆ. ಆದರೆ ‘ಫೈನಲ್ ಎಷ್ಟಾಗುತ್ತೆ’, ‘ಆ ಪ್ರೈಸ್‌ಗೆ ಬರಲ್ಲ ಬ್ರೋ’ ಎಂಬಂತಹ ವಾಕ್ಯಗಳನ್ನು ನೋಡಿದರೆ ನಾಮಪದಗಳು ಇಂಗ್ಲಿಷಿನವಾದರೂ ಕ್ರಿಯಾಪದಗಳು ಅದೇ ಅಕರ್ತೃಕ ಕನ್ನಡದವು. ಪದಕೋಶ ಬದಲಾದಷ್ಟು ಬೇಗ ವ್ಯಾಕರಣ ಬದಲಾಗಿಲ್ಲ.

ಎರಡು ವೇದಿಕೆಗಳ ಈ ಅಂತರ ಮಾಧ್ಯಮದಿಂದ ಬಂದದ್ದಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಎರಡೂ ಅಂತರ್ಜಾಲದವೇ. ಒಂದರಲ್ಲಿ ಹಳೆಯ ಬೈಕು ಮಾರುವವನಿಗೆ ‘ಬರಲ್ಲ’ ಎಂದು ಹೇಳಿ ಮಾತು ಮುಂದುವರಿಸುವ ಅವಕಾಶವಿದೆ. ಇನ್ನೊಂದರಲ್ಲಿ ವರ್ಷದ ಬೆಳೆ ಮಾರುವವನಿಗೆ ಒಪ್ಪಿಗೆ ಅಥವಾ ತಿರಸ್ಕಾರ ಎಂಬ ಎರಡು ಆಯ್ಕೆಗಳಿವೆ. ತಿರಸ್ಕಾರಕ್ಕೆ ಕಾರಣವಿಲ್ಲ, ಮರುಪ್ರಶ್ನೆಗೆ ಜಾಗವಿಲ್ಲ. ‘ಗಿಟ್ಟಲ್ಲ’ ಎಂಬ ಆಹ್ವಾನವು ‘ಬೇಡ’ ಎಂಬ ಮುಕ್ತಾಯವಾಗಿ ಅನುವಾದಗೊಳ್ಳುತ್ತದೆ. ಚೀಲಗಳನ್ನು ಮತ್ತೆ ಹೇರಿಕೊಂಡು ಮನೆಗೆ ಒಯ್ಯುವ ಬಾಡಿಗೆಯನ್ನು ಲೆಕ್ಕಹಾಕುವ ಸಣ್ಣ ಹಿಡುವಳಿದಾರನಿಗೆ ಅಂತಹ ತಿರಸ್ಕಾರ ಹೆಸರಿಗಷ್ಟೇ ಉಳಿದ ಹಕ್ಕಾಗುವ ಸಂಭವವಿದೆ.

8. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ನಿರ್ಣಯಗಳು ಹೊರಡುತ್ತವೆ. ಒಂದು, ಮಾತಿನಿಂದ ಮೌನಕ್ಕೆ ಎಂಬ ಸರಳರೇಖೆ ಬೆಲೆಯ ಚರಿತ್ರೆಗೆ ಒಪ್ಪುವುದಿಲ್ಲ. ಬೆರಳಿನ ಮೌನ, ಹರಾಜಿನ ಕೂಗು, ಚೀಟಿಯ ಮೌನ, ತೆರೆಯ ಬರಹ ಇವು ಒಂದರ ಪಕ್ಕದಲ್ಲಿ ಒಂದು ಬಾಳಿವೆ. ಎರಡು, ಪ್ರತಿಯೊಂದು ವಿಧಾನದ ನ್ಯಾಯವನ್ನು ನಿರ್ಧರಿಸಿದ್ದು ಅದರ ಮಾಧ್ಯಮವಲ್ಲ, ಸಂಕೇತವನ್ನು ಬಲ್ಲವರು ಯಾರು ಮತ್ತು ಮರುಮಾತಿನ ಸರದಿ ಯಾರದು ಎಂಬುದು. ಬೆರಳು ರೈತನಿಂದ ಬೆಲೆಯನ್ನು ಮುಚ್ಚಿಟ್ಟಿತು. ಕೂಗು ಅದನ್ನು ಕೇಳಿಸಿತು. ತೆರೆ ಅದನ್ನು ಕೈಗೆ ತಲಪಿಸಿತು. ಮೂರರಲ್ಲಿಯೂ ಬೆಲೆಯನ್ನು ಮೊದಲು ನುಡಿಯುವ ಅಧಿಕಾರ ಅವನಿಗೆ ಬರಲಿಲ್ಲ. ಮೂರು, ಕನ್ನಡದ ಅಕರ್ತೃಕ ನಿರಾಕರಣೆಯು ವ್ಯಾಪಾರವನ್ನು ಮುರಿಯದೆ ಮುಂದುವರಿಸಲು ಸಮುದಾಯ ರೂಪಿಸಿಕೊಂಡ ವ್ಯಾಕರಣಸಾಧನ. ಅದನ್ನು ಎರಡು ಗುಂಡಿಗಳಿಗೆ ಇಳಿಸಿದಾಗ ನಷ್ಟವಾಗುವುದು ಸೊಗಸಲ್ಲ, ಮಾಹಿತಿ.

ಇದಕ್ಕೆ ಪರಿಹಾರ ಹಿಂದಿರುಗುವಿಕೆಯಲ್ಲಿಲ್ಲ. ಇ-ಟೆಂಡರಿನಲ್ಲಿ ಮಾರುವವರು ತಮ್ಮ ಅಪೇಕ್ಷಿತ ದರವನ್ನು ನಮೂದಿಸಲು, ತಿರಸ್ಕರಿಸಿದಾಗ ಮರುದರ ಸೂಚಿಸಲು ಅವಕಾಶವಿತ್ತರೆ, ದರ್ಜೆಯ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಸ್ಥಳೀಯ ಭೇದಗಳೊಂದಿಗೆ ಉಳಿಸಿಕೊಂಡರೆ, ಯಂತ್ರವೂ ಸಂಭಾಷಣೆಯ ನಿಯಮಕ್ಕೆ ಒಳಪಡಬಲ್ಲದು. ಸಂಶೋಧಕರ ಪಾಲಿನ ಕೆಲಸ ಇನ್ನೂ ತುರ್ತಿನದು. ಜಾತ್ರೆಗಳ ಬೆರಳುಭಾಷೆಯನ್ನು ಬಲ್ಲ ದಲ್ಲಾಳಿಗಳು ವೃದ್ಧರಾಗುತ್ತಿದ್ದಾರೆ. ಖೇಣಿಯ ಮಾತು ಬರಹಕ್ಕೆ ಇಳಿಯುವುದು ಅಪರೂಪ. ಮೊಬೈಲಿನ ಚೌಕಾಸಿ ಅಳಿಸಿಹೋಗುತ್ತದೆ. ಶಾಸನಕಾರರು ಬೆಲೆಯನ್ನು ಕೆತ್ತಿ ಮಾತನ್ನು ಬಿಟ್ಟರು. ಧಾರಣೆಯನ್ನು ದಿನದಿನವೂ ದಾಖಲಿಸುವ ನಮ್ಮ ಜಾಲತಾಣಗಳೂ ಅದನ್ನೇ ಮಾಡುತ್ತಿವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ವ್ಯಾಪಾರಸಂಭಾಷಣೆಗಳ ಧ್ವನಿಸಂಗ್ರಹವೊಂದು, ಭಾಗಿಗಳ ಸಮ್ಮತಿಯೊಂದಿಗೆ, ಈ ತಲೆಮಾರಿನಲ್ಲಿಯೇ ಸಿದ್ಧವಾಗಬೇಕು. ಬೆಲೆ ಎಷ್ಟೆಂಬುದು ಪಟ್ಟಿಗಳಲ್ಲಿ ಉಳಿಯುತ್ತದೆ. ಅದು ಹೇಗೆ ಉಭಯವಾದಿಗಳಿಗೆ ಸಂಪ್ರತಿಪನ್ನವಾಯಿತು ಅಥವಾ ಆಗಲಿಲ್ಲ ಎಂಬುದು ಅಂತಹ ಸಂಗ್ರಹದಿಂದ ಮಾತ್ರ ತಿಳಿಯುತ್ತದೆ.